ಪಿಕಪ್ಪಣ್ಣ

ಮಲೆನಾಡಿನ ಅಡಿಕೆ ಸೀಮೆಯಲ್ಲಿ ಊರಿಗೊಬ್ಬ ಪಿಕಪ್ಪಣ್ಣ ಇದ್ದೇ ಇರುತ್ತಾನೆ. ತಂದೆ ತಾಯಿ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಭದ್ರವಾಗಿದೆ. ಊರವರ ಬಾಯಲ್ಲಿ ಉಳಿದಿರುವುದು ಇದೊಂದೇ. ತೀರ್ಥಹಳ್ಳಿಯ ಕಡೆಗೆ ಹೋಗಿ, ಸಾಗರದ ಕಡೆಗೆ ಹೋಗಿ, ಶಿರಸಿ-ಸಿದ್ದಾಪುರದ ಹಳ್ಳಿಗಳಿಗೆ ಹೋಗಿ. ದನ ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯಲ್ಲಿ ಹಳೆಯ ಡೀಸೆಲ್ ಪಿಕಪ್ ಒಂದು ನಿಂತಿದ್ದು, ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದರೆ ಅವು ಪಿಕಪ್ಪಣ್ಣನವು. ಮಾತಾಡಿಸಬೇಕೆಂದರೆ ಆ ಕಾಲುಗಳನ್ನೇ ಮಾತಾಡಿಸಬೇಕು. ನಾನಂತೂ ಈಚೆಗೆ ಮದುವೆ ಕರೆಯೋಲೆಯನ್ನೂ ಕಾಲ ಪಕ್ಕದಲ್ಲಿಟ್ಟು, ಹಾರದ ಹಾಗೆ ಮೇಲೊಂದು ಸ್ಪ್ಯಾನರ್ ಹೇರಿ, ಒಳಗೆ ಹೋಗಿ ಅತ್ತಿಗೆ ಕೈಯ ಕಾಫಿ ಕುಡಿದು ಬಂದುಬಿಡುತ್ತೇನೆ.

ಗಾಡಿ ಯಾವ ಕಂಪನಿಯದು ಎಂದು ಕೇಳಬೇಡಿ. ಆರ್‌ಸಿ ಪುಸ್ತಕದಲ್ಲಿ ಒಂದು ಹೆಸರೇನೋ ಇದೆ. ಚಾಸಿಯೂ ಇಂಜಿನ್ನೂ ಆ ಹೆಸರಿಗೆ ಇನ್ನೂ ನಿಷ್ಠವಾಗಿವೆ. ಮಿಕ್ಕಂತೆ ಸೀಟು ಮಿನಿ ಬಸ್ಸಿನದು, ಸ್ಟೇರಿಂಗ್ ಚಕ್ರ ಜೀಪಿನದು, ಹಾರನ್ ಲಾರಿಯದು, ಎಡಗಡೆಯ ಕನ್ನಡಿ ಯಾರದೋ ಮೋಟಾರ್ ಸೈಕಲ್ಲಿನದು. ಟಾಟಾದವರು 1988ರಲ್ಲಿ ಟಾಟಾಮೊಬೈಲ್ ಬಿಟ್ಟ ಲಾಗಾಯ್ತು ನಮ್ಮ ಕಡೆ ಎರಡು ಪಕ್ಷ: ಟಾಟಾ ಪಕ್ಷ, ಜೀಪಿನ ಕಾಲದಿಂದ ನಂಬಿಕೊಂಡು ಬಂದ ಮಹೀಂದ್ರಾ ಪಕ್ಷ. ಪಿಕಪ್ಪಣ್ಣನ ಗಾಡಿಯದು ಸಮ್ಮಿಶ್ರ ಸರ್ಕಾರ. ಅಂಥ ಸರ್ಕಾರಗಳಂತೆ ಅದೂ ಇಂದು ಬೀಳುತ್ತದೆ, ನಾಳೆ ಬೀಳುತ್ತದೆ ಎನ್ನಿಸಿಕೊಂಡೇ ಅವಧಿ ಮುಗಿಸುತ್ತಿದೆ.

ಪಿಕಪ್ಪಣ್ಣನ ಬಂಡವಾಳ ಅವನ ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಟ್ಯಾಪೆಟ್ ಸಡಿಲವಾಗಿದೆಯೋ, ನಾಝಲ್ ಹೊಡೆಯುತ್ತಿದೆಯೋ, ಬೇರಿಂಗ್ ಅಳುತ್ತಿದೆಯೋ ಎಲ್ಲವೂ ಅವನಿಗೆ ಆ ಕಬ್ಬಿಣದ ಕಡ್ಡಿಯಲ್ಲೇ ಕೇಳಿಸುತ್ತದೆ. ಇದು ಬೂಟಾಟಿಕೆಯಲ್ಲ, ಹಳೆಯ ಮೆಕ್ಯಾನಿಕ್‌ಗಳೆಲ್ಲ ಹೀಗೇ ನೋಡುತ್ತಿದ್ದದ್ದು. ತೊಂದರೆ ಏನೆಂದರೆ ಈ ಕಿವಿಗೆ ರಜೆ ಎಂಬುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಹೊರಗೆ ಯಾವುದೋ ಟೆಂಪೋ ಏರು ಹತ್ತಿದರೆ ಕೈಯಲ್ಲಿದ್ದ ಹೋಳಿಗೆ ಹಾಗೇ ನಿಲ್ಲುತ್ತದೆ. "ಮೂರನೇ ಸಿಲಿಂಡರ್ ಮಿಸ್ ಹೊಡೀತಿದೆ" ಎಂದು ಬಡಿಸಲು ಬಂದವನಿಗೆ ಹೇಳುತ್ತಾನೆ. ಅವನು ಹೂಂಗುಟ್ಟಿ ತುಪ್ಪ ಹಾಕಿ ಮುಂದೆ ಹೋಗುತ್ತಾನೆ. ಅದೇ ಕಿವಿಗೆ ಅಡುಗೆಮನೆಯಿಂದ "ಗ್ಯಾಸ್ ಖಾಲಿ ಆಯ್ತು" ಎಂದು ಕೂಗಿದ್ದು ಕೇಳಿಸುವುದಿಲ್ಲ.

ಕಿವಿಗೆ ಸಿಕ್ಕದ್ದನ್ನು ಹೊಗೆ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಬೇಕು. ನೀಲಿ ಹೊಗೆ ಬಂದರೆ ರಿಂಗ್ ಸವೆದು ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬೆಳಗಿನ ಚಳಿಯಲ್ಲಾದರೆ ಚಿಂತೆಯಿಲ್ಲ, ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಸೇರುತ್ತಿರಬಹುದು. ಈ ಶಾಸ್ತ್ರವನ್ನು ಅವನು ಗಾಡಿಗಷ್ಟೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಚ್ಚಲ ಒಲೆಯ ಹೊಗೆ ನೋಡಿಯೂ ಅತ್ತಿಗೆಗೆ "ಗಾಳಿ ಸಾಲ್ತಿಲ್ಲ, ಫಿಲ್ಟರ್ ಕಟ್ಟಿದೆ" ಎನ್ನುತ್ತಾನೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗೆ ಬಂದ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಅಮುಕಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದರ ಜನ್ಮಶತ್ರು ಎಂದರೆ ಪೈಪಿನೊಳಗೆ ಸೇರುವ ಗಾಳಿ. ಫಿಲ್ಟರ್ ಬದಲಿಸಿದಾಗ ಒಂದು ಗುಳ್ಳೆ ಉಳಿದರೂ ಪಂಪು ಗಾಳಿಯನ್ನೇ ಅಮುಕುತ್ತ ಕೂತಿರುತ್ತದೆ, ನಾಝಲ್ಲಿಗೆ ಡೀಸೆಲ್ ತಲುಪುವುದಿಲ್ಲ. ಇದಕ್ಕೆ 'ಏರ್ ತೆಗೆಯುವುದು' ಎಂಬ ಕರ್ಮ ಉಂಟು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ, ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಕಾದು, ಸ್ಕ್ರೂ ಬಿಗಿಯಬೇಕು. ಅದಕ್ಕೂ ಬಗ್ಗದಿದ್ದರೆ ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಪಿಕಪ್ಪಣ್ಣ ಇದನ್ನು ಶ್ರದ್ಧೆಯಿಂದ, ಯಾವುದನ್ನೂ ಬಿಡದೆ ಮಾಡುತ್ತಾನೆ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಹೀಗೆ ಏರ್ ತೆಗೆಯುವ ಕಾರ್ಯ ಬೆಳಿಗ್ಗೆ ತಿಂಡಿಗೆ ಮುಂಚೆ ಶುರುವಾಗಿ ಮಧ್ಯಾಹ್ನದ ಊಟ ತಣ್ಣಗಾಗುವವರೆಗೆ ನಡೆಯಿತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು. ಪಕ್ಕದ ಮನೆಯ ಟ್ರಾಕ್ಟರಿನಿಂದ ಬ್ಯಾಟರಿ ಬಂತು. ಅದೂ ಇಳಿಯಿತು. ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಪಂಪಿನ ಟೈಮಿಂಗ್ ತಪ್ಪಿದೆ ಎಂದು ಬಹುಮತದಿಂದ ತೀರ್ಮಾನವೂ ಆಯಿತು. ಆಗ ಅತ್ತಿಗೆ ಊಟಕ್ಕೆ ಕರೆಯಲು ಬಂದವರು ಕಿಟಕಿಯಿಂದ ಒಳಗೆ ಇಣುಕಿ, "ಅದೆಂತದು ಮಾರಾಯ್ರೆ, ಈ ಗುಂಡಿ ಹೊರಗೆ ಎಳ್ಕೊಂಡೇ ನಿಂತದೆಯಲ್ಲ?" ಎಂದರು. ಅದು ಸ್ಟಾಪ್ ಕೇಬಲ್. ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಜಿನ್ ನಿಲ್ಲಿಸಲು ಎಳೆಯುವ ಗುಂಡಿ. ಎಳೆದದ್ದನ್ನು ಒಳಗೆ ತಳ್ಳದಿದ್ದರೆ ಪಂಪು ಡೀಸೆಲ್ ಕೊಡುವುದೇ ಇಲ್ಲ. ಅತ್ತಿಗೆ ಒಂದು ಬೆರಳಲ್ಲಿ ತಳ್ಳಿದರು, ಗಾಡಿ ಶುರುವಾಯಿತು. "ಏರ್ ಪೂರ್ತಿ ಹೋಯ್ತು ನೋಡು ಈಗ" ಎಂದ ಪಿಕಪ್ಪಣ್ಣ.

ಅತ್ತಿಗೆಯ ಜ್ಞಾನಕ್ಕೆ ಹಿನ್ನೆಲೆ ಇದೆ. ಬ್ರೇಕಿನ ಏರ್ ತೆಗೆಯುವಾಗ ಚಕ್ರದ ಬಳಿ ಒಬ್ಬರು, ಪೆಡಲಿನ ಮೇಲೆ ಒಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಹಿಡಿದು ನಾಲ್ಕೂ ಚಕ್ರ ಸುತ್ತಬೇಕು. ಈ ದಂಪತಿ ಅತಿ ಹೆಚ್ಚು ಮಾತಾಡುವುದು ಆ ಹೊತ್ತಿನಲ್ಲೇ.

"ತುಳಿ."

"ತುಳ್ದೆ."

"ಹಿಡ್ಕ. ಬಿಡ್ಬೇಡ."

"ಒಲೆ ಮೇಲೆ ಹಾಲಿದೆ."

"ಬಿಡ್ಬೇಡ ಅಂದ್ನಲ್ಲ ಮಾರಾಯ್ತಿ!"

ನಿಪ್ಪಲ್ ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೋದ ಗಾಳಿ ವಾಪಸು ಒಳಗೆ ಬರುತ್ತದೆ, ಕೆಲಸ ಮೊದಲಿನಿಂದ. ಹಾಲು ಉಕ್ಕುವುದೂ ಬ್ರೇಕಿಗೆ ಗಾಳಿ ಹೋಗುವುದೂ ಆ ಮನೆಯಲ್ಲಿ ಯಾವಾಗಲೂ ಒಟ್ಟಿಗೇ ಆಗುತ್ತವೆ.

ಅವನಿಗೂ ಕೈ ಮುಗಿಯುವ ಜಾಗ ಒಂದಿದೆ. ಗೇರ್‌ಬಾಕ್ಸ್ ಇಳಿಸಿದ್ದಾನೆ, ಕ್ಲಚ್ ಪ್ಲೇಟ್ ಹಾಕಿದ್ದಾನೆ, ಹಿಂದಿನ ಪಾಟಾ ಬಿಚ್ಚಿ ಬುಷ್ ಬದಲಿಸಿದ್ದಾನೆ. ಡೀಸೆಲ್ ಪಂಪನ್ನು ಮಾತ್ರ ಮುಟ್ಟುವುದಿಲ್ಲ. ಅದಕ್ಕೆ ಈಗಲೂ 'ಮೈಕೋ ಪಂಪು' ಎನ್ನುತ್ತಾನೆ. 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು ಅವನಿಗೆ ಗೊತ್ತು, ಒಪ್ಪಿಗೆಯಿಲ್ಲ. ಆ ಪಂಪಿನೊಳಗೆ ಪ್ಲಂಜರಿಗೂ ಅದರ ಕೊಳವೆಗೂ ನಡುವೆ ಇರುವ ಸಂದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಿರಿದು. ಕೊಟ್ಟಿಗೆಯ ದೂಳಿನಲ್ಲಿ ಬಿಚ್ಚುವ ವಸ್ತುವಲ್ಲ ಅದು. ಹಾಗಾಗಿ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಶಿವಮೊಗ್ಗದ ಪಂಪ್ ಶಾಪಿಗೆ ಒಯ್ಯುತ್ತಾನೆ. ಮೊಮ್ಮಗುವನ್ನು ಲಸಿಕೆಗೆ ಕರೆದುಕೊಂಡು ಹೋಗಲು ಸಮಯವಿಲ್ಲ ಎಂದಿದ್ದ ವಾರವೇ ಇದು ನಡೆದದ್ದು. ಅತ್ತಿಗೆ ಮರೆತಿಲ್ಲ.

ಇನ್ನೊಂದು ವಿಷಯದಲ್ಲೂ ಅವನನ್ನು ಮೆಚ್ಚಬೇಕು. ಬರೀ ಜಾಕಿ ನಂಬಿ ಗಾಡಿಯ ಅಡಿಗೆ ಹೋಗುವುದಿಲ್ಲ. ಚಾಸಿಗೆ ಮರದ ದಿಮ್ಮಿ ಕೊಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಒಮ್ಮೆ ಅಲುಗಿಸಿ ನೋಡಿಯೇ ಮಲಗುತ್ತಾನೆ. ನಾಝಲ್ ಪೈಪು ಸೋರುವುದನ್ನು ಬೆರಳಿಟ್ಟು ನೋಡುವುದಿಲ್ಲ, ರಟ್ಟಿನ ತುಂಡು ಹಿಡಿಯುತ್ತಾನೆ. ನೂರು ವಾತಾವರಣದೊತ್ತಡಕ್ಕೂ ಮೀರಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಬೆರಳೇ ಹೋಗಬಹುದು. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವ ಹುಡುಗರು ಇವೆರಡನ್ನಾದರೂ ಅವನಿಂದ ಕಲಿಯಲಿ.

ಲೆಕ್ಕಾಚಾರದಲ್ಲಿ ಮಾತ್ರ ಅವನನ್ನು ನಂಬಬೇಡಿ. "ಮೆಕ್ಯಾನಿಕ್ಕಿಗೆ ಒಂದು ಪೈಸೆ ಕೊಟ್ಟವನಲ್ಲ" ಎನ್ನುತ್ತಾನೆ. ಆದರೆ ಪೇಟೆಯ ಗ್ಯಾರೇಜಿನ ಮೇಸ್ತ್ರಿ ಸೋಮವಾರ ಬೆಳಿಗ್ಗೆ ಬೇರೆ ಗಾಡಿಗಳನ್ನು ಬದಿಗೆ ಸರಿಸಿ ಜಾಗ ಮಾಡಿಕೊಂಡು ರಸ್ತೆ ನೋಡುತ್ತಿರುತ್ತಾನೆ. ಭಾನುವಾರ ಬಿಚ್ಚಿದ್ದು ಸೋಮವಾರ ಬಂದೇ ಬರುತ್ತದೆಂದು ಅವನಿಗೆ ಗೊತ್ತು. ಬೆಂಗಳೂರಿನಲ್ಲಿ ತಂಗಿಯ ಮಗನ ಮದುವೆ ಎಂದು ಹೊರಟ ಪಿಕಪ್ಪಣ್ಣ ಜೆ.ಸಿ. ರಸ್ತೆಯಲ್ಲಿ ಇಳಿದು, ಶಿವಾಜಿನಗರದ ಗುಜರಿ ಹೊಕ್ಕು, ಡೈನಮೋ ಒಂದನ್ನು ಹಿಡಿದುಕೊಂಡು ಊಟದ ಹೊತ್ತಿಗೆ ಛತ್ರ ತಲುಪಿದ. ಉಡುಗೊರೆ ಎಂದುಕೊಂಡು ಯಾರೋ ಅದನ್ನು ವೇದಿಕೆಗೆ ಒಯ್ದಿದ್ದರಂತೆ.

ಹೊಸ ಗಾಡಿ ತಗೊಳ್ಳಿ ಎಂದರೆ ಭಾಷಣ ಶುರುವಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನ ಗಾಡಿಗಳಿಗೆ ಸ್ಪ್ಯಾನರ್ ಅಲ್ಲ, ಲ್ಯಾಪ್‌ಟಾಪ್ ಹಚ್ಚಿ ಜ್ವರ ನೋಡಬೇಕು ಎನ್ನುತ್ತಾನೆ. ಹಸಿರು ನ್ಯಾಯಮಂಡಳಿ 2015ರಲ್ಲಿ ದಿಲ್ಲಿಯ ರಸ್ತೆಗಳಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಎಂದಾಗ ಸೂತಕ ಬಂದವರ ಹಾಗೆ ಕೂತಿದ್ದ. "ಹತ್ತು ವರ್ಷಕ್ಕೆ ಗಾಡಿ ಆಗಷ್ಟೇ ಪಳಗಿರ್ತದೆ!" ಅಂಗಳದಲ್ಲಿ ಒಣಹಾಕಿದ ಅತ್ತಿಗೆಯ ಬಿಳಿ ಬಟ್ಟೆಗಳು ನ್ಯಾಯಮಂಡಳಿಯ ಪರವಾಗಿವೆ. ನಾನೂ ಕೂಡ.

ಅವನ ಆರಾಧ್ಯ ಪುರುಷ ರುಡಾಲ್ಫ್ ಡೀಸೆಲ್. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇಂಜಿನ್ ಓಡಿಸಿ ತೋರಿಸಿದ್ದು, 1900ರ ಪ್ಯಾರಿಸ್ ಮೇಳದಲ್ಲಿ ಅಂಥದೊಂದು ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ಎಲ್ಲ ಬಾಯಿಪಾಠ. ಈ ಕಡಲೆಕಾಯಿ ಎಣ್ಣೆಯ ಕಥೆ ಹೇಳಿದ ದಿನದಿಂದ ಅತ್ತಿಗೆ ಎಣ್ಣೆ ಡಬ್ಬಿಯನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ. ಡೀಸೆಲ್ ಮಹಾಶಯ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಆತ್ಮಹತ್ಯೆ ಎಂದರು, ಕೊಲೆ ಎಂದರು. ಪಿಕಪ್ಪಣ್ಣನ ವಾದ ಬೇರೆ: "ಕೆಳಗೆ ಇಂಜಿನ್ನಿಂದ ಏನೋ ಸದ್ದು ಕೇಳಿರ್ತದೆ. ಬಗ್ಗಿ ನೋಡಿದಾನೆ."

ನೀವು ಆ ಕಡೆ ಹೋಗುವುದಾದರೆ ಒಂದೇ ಮಾತು. ಕಾರನ್ನು ದಣಪೆಯಿಂದ ಸಾಕಷ್ಟು ದೂರದಲ್ಲೇ ನಿಲ್ಲಿಸಿ, ಇಂಜಿನ್ ಆರಿಸಿ, ನಡೆದು ಒಳಗೆ ಹೋಗಿ. ಗಾಡಿ ಹೇಗಿದೆ ಎಂದು ಕೇಳಿದರೆ "ಯಾವ ಸದ್ದೂ ಇಲ್ಲ" ಎನ್ನಿ. ಅಪ್ಪಿತಪ್ಪಿಯೂ "ಮುಂದಿನಿಂದ ಸಣ್ಣಕೆ ಟಿಕ್ ಟಿಕ್ ಅಂತದೆ" ಎನ್ನಬೇಡಿ. ಕೊನೆಯ ಬಸ್ಸು ಸಂಜೆ ಆರಕ್ಕೇ ಹೋಗುತ್ತದೆ.