ಟಿವಿಯ ಹಿಂದಿನ ಗಂಡಸರು

1990ರ ಸುಮಾರಿಗೆ ನ್ಯೂಜೆರ್ಸಿಯ ಕನ್ನಡಿಗರಲ್ಲಿ ಪಿಎಚ್.ಡಿ. ಮಾಡಿದವರಿಗೆ ಬರವಿರಲಿಲ್ಲ, ವಿಸಿಆರ್ ಜೋಡಿಸಬಲ್ಲವರಿಗೆ ಮಾತ್ರ ಭಾರೀ ಬರ. ಹಾಗಾಗಿ ಟಿವಿಯ ಹಿಂದೆ ತೂರಿ, ಧೂಳು ಮೆತ್ತಿಕೊಂಡು ಹೊರಬರುವ ಗಂಡಸಿಗೆ ಕನ್ನಡ ಕೂಟದ ಅಧ್ಯಕ್ಷರಿಗಿಂತ ಒಂದು ತೂಕ ಹೆಚ್ಚು ಮರ್ಯಾದೆ. ನಮ್ಮವರು ಆ ಪಂಗಡ. ಮಿಕ್ಸಿ ಕೆಟ್ಟಿದೆ ಎಂದರೆ ಕಿವಿ ಕೇಳಿಸದು. ಟಿವಿಯಲ್ಲಿ ಚುಕ್ಕಿ ಬಂದರೆ ಸಾರನ್ನದ ನಡುವೆಯೇ ಎದ್ದುಬಿಡುವರು.

ಎಲ್ಲ ಬಲು ಸರಳವೆಂದು ಅವರ ಅಂಬೋಣ. ಗೋಡೆಯಿಂದ ಬಂದ ಕೇಬಲ್ಲು ಮೊದಲು ಕೇಬಲ್ ಪೆಟ್ಟಿಗೆಗೆ, ಅಲ್ಲಿಂದ ವಿಸಿಆರಿನ ‘ಇನ್’ಗೆ, ‘ಔಟ್’ನಿಂದ ಟಿವಿಗೆ. ಪೆಟ್ಟಿಗೆ ಎಷ್ಟು ಚಾನೆಲ್ ತಂದರೂ ವಿಸಿಆರಿಗೆ ಒಪ್ಪಿಸುವುದು ಮೂರನೇ ಚಾನೆಲ್ಲಿನಲ್ಲಿ. ವಿಸಿಆರು ಟಿವಿಗೆ ಒಪ್ಪಿಸುವುದೂ ಮೂರರಲ್ಲೇ. ಫಿಲಡೆಲ್ಫಿಯಾ ಕಡೆಯವರಿಗೆ ಮೂರರಲ್ಲಿ ಒಂದು ಸ್ಟೇಷನ್ ಇದ್ದದ್ದರಿಂದ ಅವರು ಹಿಂಬದಿಯ ಗುಂಡಿ ಸರಿಸಿ ನಾಲ್ಕಕ್ಕೆ ಹೋಗಬೇಕು. ನಾಲ್ಕರಲ್ಲಿ ನ್ಯೂಯಾರ್ಕಿನ ಸ್ಟೇಷನ್ ಇದ್ದದ್ದರಿಂದ ನಾವು ಮೂರನ್ನು ಬಿಡುವಂತಿಲ್ಲ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಇದನ್ನೆಲ್ಲ ಕೇಳಿ, “ಎಲ್ಲಾ ಮೂರರಲ್ಲೇ ಬರೋದಾದ್ರೆ ಮಿಕ್ಕ ನಂಬರು ಯಾಕೋ?” ಎಂದರು. ಮಗರಾಯರು ಟಿವಿಯ ಹಿಂದಕ್ಕೆ ಇನ್ನಷ್ಟು ಸರಿದರು.

ಅತ್ತೆಯ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಮೆಂತ್ಯದ ಹಿಟ್ಟಿನ ನಡುವೆ ನಾದಿನಿಯ ಮದುವೆಯ ಕ್ಯಾಸೆಟ್ಟಿತ್ತು. ಹಾಕಿದರೆ ಬಣ್ಣವಿಲ್ಲ, ಮುಹೂರ್ತದ ಹೊತ್ತಿಗೆ ವಧೂವರರು ಮೇಲಿಂದ ಕೆಳಕ್ಕೆ ಉರುಳುತ್ತಿದ್ದಾರೆ. ನಮ್ಮವರು ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದರು. ಉರುಳುಸೇವೆ ನಿಲ್ಲಲಿಲ್ಲ. ಪಾಪ, ವೈರುಗಳು ನಿರಪರಾಧಿಗಳು. ಭಾರತದ್ದು ಪಾಲ್ ಪದ್ಧತಿ: ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ. ಅಮೆರಿಕದ್ದು ಎನ್‌ಟಿಎಸ್‌ಸಿ: ಹೆಚ್ಚುಕಡಿಮೆ 30 ಚಿತ್ರ, 525 ಗೆರೆ.

“ಅಂದ್ರೆ ನೂರು ಗೆರೆ ಈ ಊರೋರು ನುಂಗಿಹಾಕಿದ್ರೇ?” ಎಂದು ಅತ್ತೆ ಹೌಹಾರಿದರು.

ಕೊನೆಗೆ ಜಾಕ್ಸನ್ ಹೈಟ್ಸ್‌ನ 74ನೇ ಬೀದಿಗೆ ಹೋಗಿ, ಎರಡೂ ಪದ್ಧತಿಗೆ ಒಗ್ಗುವ ಮಲ್ಟಿ ಸಿಸ್ಟಮ್ ವಿಸಿಆರು, ಅದಕ್ಕೆ ತಕ್ಕ ಟಿವಿ ಹೊತ್ತು ತಂದದ್ದಾಯಿತು. ಪುಕ್ಕಟೆ ಬಂದ ಕ್ಯಾಸೆಟ್ಟನ್ನು ನೋಡಲು ಇನ್ನೊಂದು ಮದುವೆಯ ಖರ್ಚು.

ಆಮೇಲೆ ಶುರುವಾದದ್ದು ರೆಕಾರ್ಡಿಂಗ್ ಹುಚ್ಚು. ವಾರಕ್ಕೊಮ್ಮೆ ಬರುವ ಹಿಂದಿ ಹಾಡುಗಳ ಕಾರ್ಯಕ್ರಮಕ್ಕೆ ಟೈಮರ್ ಇಟ್ಟು, ಮಗುವಿನ ಹರಕೆ ತೀರಿಸಲು ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೊರಟೆವು. ವಿಸಿಆರು ಹೇಳಿದ ಹೊತ್ತಿಗೆ ಎದ್ದು, ಹೇಳಿದ ಹಾಗೆ ಮೂರನ್ನು ಹಿಡಿದು, ತನ್ನ ಧರ್ಮ ಪಾಲಿಸಿತ್ತು. ಆದರೆ ಪೆಟ್ಟಿಗೆ ಎಲ್ಲಿ ನಿಂತಿದೆಯೋ ಅದೇ ತಾನೇ ಮೂರಕ್ಕೆ ಇಳಿಯುವುದು? ಅದು ನಿಂತದ್ದು ಹವಾಮಾನದ ಚಾನೆಲ್ಲಿನಲ್ಲಿ. ಕ್ಯಾಸೆಟ್ಟಿನ ತುಂಬ ಮೋಡದ ನಕ್ಷೆ.

ಮರುದಿನ ಅತ್ತೆ ಅದನ್ನು ಕೊನೆಯವರೆಗೂ ನೋಡಿದರು. “ಎಷ್ಟು ಕರಾರುವಾಕ್ಕಾಗಿ ಹೇಳ್ತಾನೆ ನೋಡೇ! ನಿನ್ನೆ ಸಾಯಂಕಾಲ ಹಾಗೇ ಮಳೆ ಬಂತು. ನಮ್ಮ ಪಂಚಾಂಗದೋರಿಗೆ ಇದು ಬರಲ್ಲ.”

ನಮ್ಮವರಿಗೆ ಅವಮಾನವಾಯಿತು. ಸ್ಪ್ಲಿಟರ್ ತಂದು ಕೇಬಲ್ಲನ್ನು ಎರಡು ಕವಲಾಗಿಸಿದರು: ಒಂದು ನೇರ ವಿಸಿಆರಿಗೆ, ಇನ್ನೊಂದು ಪೆಟ್ಟಿಗೆಗೆ, ಎರಡೂ ಟಿವಿಯ ಹತ್ತಿರ ಒಂದು ಸ್ವಿಚ್ಚಿನಲ್ಲಿ ಕೂಡಿದವು. ಇನ್ನು ಒಂದನ್ನು ನೋಡುತ್ತ ಇನ್ನೊಂದನ್ನು ರೆಕಾರ್ಡ್ ಮಾಡಬಹುದು. ಎಲ್ಲವೂ ಸುಸೂತ್ರವಾಗಿ ನಡೆಯತೊಡಗಿತು. ನಮ್ಮವರ ಮುಖ ಬಾಡತೊಡಗಿತು. ಟಿವಿಯ ಮುಂದೆ ಕೂತು ಅವರಿಗೆ ಅಭ್ಯಾಸವಿರಲಿಲ್ಲ.

ದೇವರು ದೊಡ್ಡವನು. ಅಷ್ಟರಲ್ಲಿ ಫೋನು ಬಂತು. ಕೂಟದ ಇನ್ಯಾರದೋ ಮನೆಯ ಹೊಸ ವಿಸಿಆರಿನಲ್ಲಿ ಬರೀ ಚುಕ್ಕಿಯಂತೆ. ಕಾಫಿ ಆರಲು ಬಿಟ್ಟು, ವೈರಿನ ಸುರುಳಿ ಹೆಗಲಿಗೇರಿಸಿ ಇವರು ಓಡಿದರು.

ಕಾರು ತಿರುವು ದಾಟುವವರೆಗೂ ಅತ್ತೆ ಕಿಟಕಿಯಲ್ಲೇ ನಿಂತಿದ್ದರು.

“ಹೋದನಾ? ಸದ್ಯ. ಬೇಗ ಆ ರಾಜ್‌ಕುಮಾರ್ ಕ್ಯಾಸೆಟ್ ಹಾಕಮ್ಮ. ಅವನು ಬಂದು ಸರಿಮಾಡೋದರೊಳಗೆ ನೋಡಿ ಮುಗಿಸೋಣ.”