ಎಸ್‌ಪಿ ಸಾಹೇಬರ ಎತ್ತಂಗಡಿ

ಬುದ್ಧಿಹಲ್ಲು ಕೀಳಿಸಿಕೊಂಡು ಬಂದ ರಾತ್ರಿ. ಕೆನ್ನೆ ಬನ್ನಿನಂತೆ ಊದಿತ್ತು. ಮಾತ್ರೆಯ ಸ್ಟ್ರಿಪ್ ತಿರುಗಿಸಿದರೆ ಹೆಸರಿನ ಬಾಲಕ್ಕೆ ‘ಎಸ್‌ಪಿ’ ಎಂದಿತ್ತು. ಪೂರ್ತಿ ಹೆಸರು ಸೆರೇಷಿಯೋಪೆಪ್ಟಿಡೇಸ್. ಊದಿದ ಬಾಯಲ್ಲಿ ಅದು ಹೊರಳಲಿಲ್ಲ.

ನಾನು: ಎಸ್‌ಪಿ ಸಾಹೇಬ್ರೇ, ಯಾವ ಜಿಲ್ಲೆ?

ಎಸ್‌ಪಿ: ಪೊಲೀಸ್ ಅಲ್ಲ ಸ್ವಾಮಿ, ಕಿಣ್ವ. 1960ರ ದಶಕದಲ್ಲಿ ಜಪಾನಿನವರಿಗೆ ರೇಷ್ಮೆಹುಳುವಿನ ಹೊಟ್ಟೆಯಲ್ಲಿ ಸೆರೇಷಿಯಾ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಅದೇ ನನ್ನ ತಾಯಿ.

ನಾನು: ಚಿಟ್ಟೆ ಗೂಡು ಕರಗಿಸಿಕೊಂಡು ಹೊರಬರೋದು ನಿಮ್ಮಿಂದಲೇ ಅಂತಾರೆ?

ಎಸ್‌ಪಿ: ಮಾರೋರು ಕಟ್ಟಿದ ಕತೆ. ಚಿಟ್ಟೆಗೆ ಅದರದೇ ಕಿಣ್ವ ಇದೆ, ಕಕೂನೇಸ್ ಅಂತ. ನಿಮ್ಮ ರಾಮನಗರದ ಕಡೆ ಹುಳು ಚಿಟ್ಟೆಯಾಗೋ ಮೊದಲೇ ಗೂಡು ಕುದಿನೀರಿಗೆ ಬಿದ್ದಿರುತ್ತೆ. ಕತೆ ನಿಜವೋ ಸುಳ್ಳೋ, ನೋಡಿದೋರು ಯಾರು?

ನಾನು: ನೀವೂ ಪ್ರೋಟೀನೇ. ಹೊಟ್ಟೆಯ ಆಮ್ಲದಲ್ಲಿ ಕರಗಿಹೋಗಲ್ವಾ?

ಎಸ್‌ಪಿ: ಮೇಲೊಂದು ಲೇಪ ಇದೆ, ರೇನ್‌ಕೋಟ್ ಥರ.

ನಾನು: ಕರುಳು ದಾಟಿ, ರಕ್ತ ಸೇರಿ, ನನ್ನ ದವಡೆಗೆ ಎಷ್ಟು ಬಂದು ತಲುಪ್ತೀರಿ?

ಎಸ್‌ಪಿ: ಮುಂದಿನ ಪ್ರಶ್ನೆ.

ನಾನು: ನಿಮ್ಮ ಬಳಗದ ಆಸ್ಪರಾಜಿನೇಸ್ ಇದ್ದಾಳಲ್ಲ, ಇ.ಕೋಲಿ ಮನೆತನದವಳು? ಕೆಲವು ರಕ್ತಕ್ಯಾನ್ಸರ್ ಕಣಗಳು ಆಸ್ಪರಾಜಿನ್ ಅನ್ನೋ ಅಮೈನೋ ಆಮ್ಲವನ್ನು ತಾವಾಗಿ ಮಾಡಿಕೊಳ್ಳಲಾರವು. ರಕ್ತದಲ್ಲಿರೋ ಅಷ್ಟನ್ನೂ ಇವಳು ಒಡೆದುಹಾಕಿ ಅವನ್ನ ಉಪವಾಸ ಕೆಡವ್ತಾಳೆ. ಎಷ್ಟು ಮಕ್ಕಳ ಜೀವ ಉಳಿದಿದೆ!

ಎಸ್‌ಪಿ: ಸೂಜಿಯಲ್ಲಿ ನೇರ ಒಳಗೆ ಬಿಟ್ಟರೆ ಯಾರು ಮಾಡಲ್ಲ? ಕೆಲವರಿಗೆ ಅವಳಿಂದ ಅಲರ್ಜಿನೂ ಆಗುತ್ತೆ. ಬರ್ಕೊಳ್ಳಿ.

ನಾನು: 2011ರಲ್ಲಿ ಜಪಾನಿನ ಟಕೇಡಾ ಕಂಪನಿ ತಾನಾಗಿಯೇ ನಿಮ್ಮನ್ನು ಮಾರುಕಟ್ಟೆಯಿಂದ ವಾಪಸ್ ತಗೊಂಡಿತು. ಮತ್ತೆ ಪರೀಕ್ಷೆಗೆ ಕೂರಿಸಿದಾಗ ನಿಮಗೂ ಮದ್ದಿಲ್ಲದ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲವಂತೆ.

ಎಸ್‌ಪಿ: ಎತ್ತಂಗಡಿ ಯಾವ ಸಾಹೇಬನಿಗೆ ಆಗಲ್ಲ? ನಾನು ಇಲ್ಲಿ ಮೊದಲೇ ಚಾರ್ಜ್ ತಗೊಂಡಿದ್ದೆ. ಅಸೆಕ್ಲೋಫೆನಾಕ್, ಪ್ಯಾರಾಸಿಟಮಾಲ್ ಜೊತೆ ಒಂದೇ ಬೈಕಿನಲ್ಲಿ ತ್ರಿಬಲ್ ರೈಡಿಂಗ್.

ನಾನು: ನೋವು ಇಳಿಸೋದು ಅವರಿಬ್ಬರಲ್ವಾ?

ಎಸ್‌ಪಿ: ಗಾಡಿ ಓಡಿಸೋದು ಅವರು. ನಾನು ಹಿಂದೆ ಕೂತು ಕೈ ಬೀಸ್ತೀನಿ.

(ಹೆಲ್ಮೆಟ್ ಇಲ್ಲದ ಮೂವರನ್ನು ಹಿಡಿಯಬೇಕಾದವರೂ ಎಸ್‌ಪಿಯ ಕೈಕೆಳಗಿನವರೇ ತಾನೆ.)

ನಾನು: ಹಲ್ಲು ಕಿತ್ತ ಊತ ಮೂರನೇ ದಿನ ಕಳೆದರೆ ತಾನಾಗಿಯೇ ಇಳಿಯುತ್ತಂತಲ್ಲ?

ಎಸ್‌ಪಿ: ಮತ್ತೆ ಐದು ದಿನದ ಕೋರ್ಸ್ ಯಾಕೆ ಅಂದ್ಕೊಂಡ್ರಿ?

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ನೀರಿನ ಲೋಟ ತಂದಿಟ್ಟಳು. “ಮಾತ್ರೆ ತಗೊಂಡ್ರಾ?”

ತಗೊಂಡೆ.