ಭೀಮ ಹೆಗಡೆಗೆ ಏಳು ಗಂಟೆಯ ಸೂಜಿ

ನಮ್ಮ ಸೀಮೆಯಲ್ಲಿ ಪಶುವೈದ್ಯರೆಂದರೆ ದನ-ಎಮ್ಮೆಗಳ ಸ್ವತ್ತು. ಗಬ್ಬ ನಿಲ್ಲದ ಎಮ್ಮೆ, ಕೆಚ್ಚಲು ಬಾವಿನ ಜರ್ಸಿ, ಹೆಚ್ಚೆಂದರೆ ಉಣುಗು ಹತ್ತಿದ ನಾಯಿ. ಬೆಕ್ಕನ್ನು ಯಾರೂ ಡಾಕ್ಟರ ಬಳಿ ಒಯ್ಯುವುದಿಲ್ಲ. ಜಡ್ಡಾದರೆ ಅದೇ ಅಟ್ಟ ಹತ್ತಿ ಮಲಗಿ, ಹುಲ್ಲು ತಿಂದು ಕಾರಿ, ಗುಣವಾಗಿ ಇಳಿದು ಬರಬೇಕು. ಅಂಥದ್ದರಲ್ಲಿ ನಮ್ಮ ಭೀಮನನ್ನು ಬುಟ್ಟಿಗೆ ತುಂಬಿ, ಮೇಲೆ ಗೋಣಿ ಬಿಗಿದು ಶಿರಸಿಗೆ ತಂದಾಗ ಬಸ್ಸಿನವರೆಲ್ಲ ನೋಡಿದ್ದೇ ನೋಡಿದ್ದು. ಕೆಲವು ವಾರಗಳಿಂದ ದನದ ಬಾನಿಯ ನೀರನ್ನೂ ಬಿಡದೆ ಕುಡಿಯುತ್ತಿದ್ದ. ತಿಂದಷ್ಟೂ ಸೊರಗುತ್ತಿದ್ದ. ಡಾಕ್ಟರು ರಕ್ತ ಪರೀಕ್ಷೆ ಮಾಡಿ “ಶುಗರ್” ಎಂದರು.

ಆಯಿ ನಂಬಲಿಲ್ಲ. “ಬೆಕ್ಕಿಗೆ ಎಂತಕ್ಕೆ ಶುಗರ್ ಬತ್ತು? ಅದು ಯಾವ ಆಲೆಮನೆಗೆ ಹೋಗಿತ್ತಡ?”

ಆಯಿಯ ಪ್ರಶ್ನೆಯಲ್ಲಿ ಹುರುಳಿದೆ. ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ. ಸಿಹಿ ಗ್ರಹಿಸುವ ಜೀನು ಆ ಕುಲದಲ್ಲಿ ಕೆಟ್ಟು ಕೂತಿದೆಯೆಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ತೊಡೆದೇವಿನ ಸುಖ ಕಾಣದವನಿಗೆ ತೊಡೆದೇವು ತಿಂದವರ ರೋಗ! ಆದರೆ ವಯಸ್ಸಾದ, ಬೀಜ ತೆಗೆಸಿದ, ಮೈ ಬೆಳೆಸಿದ ಗಂಡು ಬೆಕ್ಕುಗಳನ್ನೇ ಈ ಕಾಯಿಲೆ ಹೆಚ್ಚಾಗಿ ಹುಡುಕಿಕೊಂಡು ಬರುತ್ತದಂತೆ. ಭೀಮನಲ್ಲಿ ಈ ಮೂರೂ ಲಕ್ಷಣ ಕೂಡಿಬಂದಿದ್ದವು.

“ಹಾಲು-ಅನ್ನ ಬಂದ್. ಮೀನು-ಮಾಂಸ ಕೊಡಿ” ಎಂದರು ಡಾಕ್ಟರು. ಬೆಳ್ಳುಳ್ಳಿ ಹಾಕುವುದಕ್ಕೂ ಆಯಿಯ ಮುಖ ನೋಡಬೇಕಾದ ಮನೆ ನಮ್ಮದು. ಕಡೆಗೆ ಮೀನಿನ ಡಬ್ಬಿಗಳು ಬಂದವು, ಕೊಟ್ಟಿಗೆಯಲ್ಲಿ ಹಿಂಡಿ ಚೀಲದ ಹಿಂದೆ ಕೂತವು. ಆಯಿ ಅವಕ್ಕೆ “ಭೀಮನ ಔಷಧಿ” ಎಂದು ಹೆಸರಿಟ್ಟು ಮಡಿಯ ಸಮಸ್ಯೆ ಬಗೆಹರಿಸಿದಳು.

ಇನ್ಸುಲಿನ್ ತರಲು ಮೆಡಿಕಲ್ ಶಾಪಿಗೆ ಹೋದೆ. ಒಂದು ಮಿಲಿಗೆ 40 ಯೂನಿಟ್ಟಿನ ಬಾಟಲಿ, ಅದಕ್ಕೆ ಕೆಂಪು ಟೊಪ್ಪಿಯ ಸಿರಿಂಜೇ ಆಗಬೇಕು. ಕಿತ್ತಳೆ ಟೊಪ್ಪಿಯದು 100 ಯೂನಿಟ್ಟಿನದು. ಅದಲುಬದಲಾದರೆ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ.

“ಪೇಷಂಟ್ ಹೆಸರು?” ಎಂದ ಹುಡುಗ.

“ಭೀಮ.”

“ಭೀಮ ಎಂತ?”

“...ಹೆಗಡೆ.”

“ವಯಸ್ಸು?”

“ಒಂಬತ್ತು.”

ಹುಡುಗನ ಪೆನ್ನು ನಿಂತಿತು. “ಅಯ್ಯೋ ಪಾಪ, ಇಷ್ಟು ಸಣ್ಣವನಿಗಾ! ಮನೆತನದಲ್ಲಿ ಇತ್ತಾ?” ಇಲ್ಲವೆಂದೆ. ಅಪ್ಪ ಯಾರೆಂದು ಊರಿಗೇ ಗೊತ್ತಿಲ್ಲ ಎನ್ನುವುದನ್ನು ಬಿಲ್ಲಿಗೆ ಬೇಡವೆಂದು ಬಿಟ್ಟೆ.

ಸೂಜಿ ಚುಚ್ಚುವುದು ಕಷ್ಟವಲ್ಲ. ಕೂದಲಿನಷ್ಟು ಸಪೂರ ಸೂಜಿ, ಒಂದೇ ಯೂನಿಟ್ಟು, ಅಂದರೆ ಒಂದು ಹನಿಯೂ ಅಲ್ಲ. ಕಷ್ಟವಿರುವುದು ರೋಗಿಯನ್ನು ಹುಡುಕುವುದರಲ್ಲಿ. ಮಜ್ಜಿಗೆಗೆಂದು ಫ್ರಿಜ್ಜು ತೆಗೆದರೆ ಭೀಮ ಕಣ್ಣೂ ಬಿಡುವುದಿಲ್ಲ. ಇನ್ಸುಲಿನ್ನಿಗೆಂದು ತೆಗೆದರೆ ಅಟ್ಟದ ತೊಲೆಯ ಮೇಲಿರುತ್ತಾನೆ. ಇದರ ಗುಟ್ಟು ಹೊಳೆಯಲು ಬಹಳ ದಿನ ಬೇಕಾಯಿತು. ತಳದಲ್ಲಿ ಕೂತ ಬಿಳಿ ಮಡ್ಡಿ ಬೆರೆಯಲು ಬಾಟಲಿಯನ್ನು ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಹಾಗೆ ಹೊರಳಿಸುವಾಗ ನನ್ನವಳ ಗಾಜಿನ ಬಳೆ ಒಂದು ತರಹ ಕಿಣಿಕಿಣಿ ಎನ್ನುತ್ತದೆ. ಮಜ್ಜಿಗೆ ಕಡೆಯುವ ಬಳೆ ಬೇರೆ, ಇದು ಬೇರೆ! ಈಗ ಬಾಟಲಿ ಹೊರಳಿಸುವ ಕೆಲಸ ನನ್ನದು.

ಅವನು ಬಟ್ಟಲಿಗೆ ತಲೆ ಹಾಕಿ ಗುರುಗುಡುವಾಗ ಹೆಗಲ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಉಂಟಾದ ಗುಳಿಗೆ ಸೂಜಿ ಇಳಿಸಬೇಕು. ಒಮ್ಮೊಮ್ಮೆ ಈಚೆ ಹೊಕ್ಕು ಆಚೆ ಹೊರಟು ಬರೀ ರೋಮ ಒದ್ದೆಯಾಗುವುದೂ ಇದೆ. ಹೋಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಮತ್ತೆ ಚುಚ್ಚಬಾರದು. ಹೆಚ್ಚಾಗಿ ಸಕ್ಕರೆ ಕುಸಿದು ತೂರಾಡಿದರೆ ಒಸಡಿಗೆ ಸಿಹಿ ಸವರಲು ಸಿದ್ದಾಪುರದ ಜೋನಿ ಬೆಲ್ಲದ ಕುಪ್ಪಿಯೊಂದನ್ನು ಬೇರೆಯೇ ಇಟ್ಟಿದ್ದೇವೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಈ ಔಷಧಿಯನ್ನು ಪರೀಕ್ಷಿಸಿದ್ದು ನಾಯಿಗಳ ಮೇಲೆ. ಆ ಋಣ ಭೀಮನಿಗಿಲ್ಲ, ಅಂಗಳದ ಕಾಳನನ್ನು ಕಂಡರೆ ಈಗಲೂ ಬೆನ್ನು ಬಿಲ್ಲಾಗುತ್ತದೆ.

ಬೆಳಿಗ್ಗೆ ಏಳು, ಸಂಜೆ ಏಳು. ಮೊದಮೊದಲು ಇದು ಸೆರೆವಾಸವೆನಿಸಿತ್ತು. ಆಮೇಲೆ ಅದರ ಲಾಭ ತಿಳಿಯಿತು. ಯಲ್ಲಾಪುರದ ಕಡೆ ಮದುವೆಗೆ ಹೋದರೆ ಊಟ ಮುಗಿದದ್ದೇ ಹೊರಡಬಹುದು, ಉಳಿದು ವಧೂಪ್ರವೇಶವನ್ನೂ ಮುಗಿಸಿ ಹೋಗಿ ಎನ್ನುವವರಿಲ್ಲ. ಸಿದ್ದಾಪುರದ ಭಾವ ಇಡೀ ರಾತ್ರಿಯ ತಾಳಮದ್ದಲೆಗೆ ಕರೆದರೆ “ಭೀಮಂಗೆ ಸೂಜಿ ಇದ್ದು” ಎಂದರಾಯಿತು. ನೆಂಟರಿಗೆ ಬೆನ್ನುನೋವು, ತೋಟದ ಕೊಯ್ಲು ಯಾವ ನೆಪ ಹೇಳಿದರೂ ಸಂಶಯ, ಬೆಕ್ಕಿನ ಇನ್ಸುಲಿನ್ ಅಂದರೆ ಮಾತ್ರ ಬಾಯಿ ಕಟ್ಟುತ್ತದೆ. ಇಂಥದ್ದನ್ನು ಸುಳ್ಳು ಹೇಳಲು ಯಾರಿಗೂ ಸಾಧ್ಯವಿಲ್ಲವೆಂದು ಅವರ ನಂಬಿಕೆ.

ಮೊನ್ನೆ ಡಾಕ್ಟರು ರಕ್ತ ನೋಡಿ ಖುಷಿಪಟ್ಟರು. ಊಟ ಬದಲಿಸಿ ಬೇಗ ಇನ್ಸುಲಿನ್ ಶುರುಮಾಡಿದರೆ ಕೆಲವು ಬೆಕ್ಕುಗಳಿಗೆ ಸೂಜಿಯೇ ಬೇಡವಾಗುತ್ತದಂತೆ, ಮನುಷ್ಯರಿಗೆ ಅಷ್ಟು ಸುಲಭದಲ್ಲಿ ಸಿಗದ ಭಾಗ್ಯ. “ನಿಲ್ಲಿಸಿ ನೋಡೋಣ” ಎಂದರು. ಬಸ್‌ಸ್ಟ್ಯಾಂಡಿನವರೆಗೂ ನನ್ನವಳು ಮಾತಾಡಲಿಲ್ಲ. ಬುಟ್ಟಿಯನ್ನು ಸೀಟಿನ ಕೆಳಗೆ ಸರಿಸಿ, ಆಚೀಚೆ ಪರಿಚಯದವರಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದಳು: “ಡಾಕ್ಟ್ರು ಹೇಳಿದ್ದು ಯಾರಿಗೂ ಹೇಳಡಿ. ಮುಂದಿನ ವಾರ ಯಲ್ಲಾಪುರದಲ್ಲಿ ಉಪನಯನ ಇದ್ದು.”